ಈಜು ಟೀಚರಿಗೆ ಈಜು ಬರುವುದಿಲ್ಲ

ಬೇಸಿಗೆ ರಜೆ ಶುರುವಾದ ದಿನ ನಾನು ಎಂದಿನಂತೆ ಈಜು ಮರೆತೆ. ಬೆಳಿಗ್ಗೆ ಆರಕ್ಕೆ ಊರ ಕೊಳದಲ್ಲಿ ಮೂರು ಸುತ್ತು ಹೊಡೆದು ಬಂದವಳು, ಮಧ್ಯಾಹ್ನ ಶಾಲೆಯ ಕೊನೆಯ ಗಂಟೆ ಬಾರಿಸುತ್ತಿದ್ದಂತೆ ಹಿತ್ತಲಿನ ನೀರಿನ ತೊಟ್ಟಿಯ ಅಂಚು ಹಿಡಿದು ನಿಂತುಬಿಟ್ಟೆ. ತೊಟ್ಟಿಯಲ್ಲಿದ್ದದ್ದು ಮೊಣಕಾಲುದ್ದ ನೀರು. ಅದನ್ನು ನೋಡಿಯೇ ಹೆದರಿ ಎರಡು ಹೆಜ್ಜೆ ಹಿಂದೆ ಸರಿದೆ. ಸರಿ, ಹೋಯಿತು ಎಂದುಕೊಂಡು ಒಳಗೆ ಬಂದು ಕಾಫಿ ಮಾಡಿಕೊಂಡೆ. ಮೂವತ್ತು ವರ್ಷದಿಂದ ಹೀಗೆಯೇ ನಡೆದಿದೆ. ಅದಕ್ಕೆಲ್ಲ ಗಾಬರಿ ಬೀಳುವವಳು ಈ ಚಂಪಕಾ ಟೀಚರ್ ಅಲ್ಲ.

ನಮ್ಮ ಊರಿನಲ್ಲಿ ಕಲಿಸುವವರಿಗೆಲ್ಲ ಇದು ಇದ್ದದ್ದೇ. ಆ ಗಂಟೆ ಬಾರಿಸಿತೆಂದರೆ ಕನ್ನಡ ಪಂಡಿತರಿಗೆ ಅಂಗಡಿಯ ಬೋರ್ಡು ಓದಲು ಬರುವುದಿಲ್ಲ. ಗಣಿತದ ಮೇಷ್ಟ್ರು ಏಳೆಂಟಲ ಎಷ್ಟಮ್ಮ ಎಂದು ಹೂವಿನವಳನ್ನು ಕೇಳುತ್ತಾರೆ. ಡ್ರೈವಿಂಗ್ ಸ್ಕೂಲಿನ ಇಸ್ಮಾಯಿಲ್ ಸಾಹೇಬರು ಕಾರನ್ನು ನಡುರಸ್ತೆಯಲ್ಲೇ ಬಿಟ್ಟು ಇಳಿದು ಮನೆಗೆ ನಡೆದುಬಿಡುತ್ತಾರೆ. ಯಾರೂ ಹಾರ್ನ್ ಹೊಡೆದು ಬೈಯುವುದಿಲ್ಲ, ನಾಲ್ಕು ಜನ ಸೇರಿ ಕಾರು ತಳ್ಳಿ ಹೊಂಗೆ ಮರದ ಕೆಳಗೆ ನಿಲ್ಲಿಸುತ್ತಾರೆ. ಆಮೇಲಿನ ಐವತ್ತು ದಿನ ಊರಿಡೀ ಕಲಿಯುವ ಗಲಾಟೆ. ಪಂಡಿತರು ಸ್ಲೇಟು ಹಿಡಿದು ಅಂಗನವಾಡಿಗೆ ಹೋಗಿ ಮಕ್ಕಳ ಜೊತೆ ಅ ಆ ತಿದ್ದುತ್ತಾರೆ. ಸಾಹೇಬರು ಕಾರಿನ ಸ್ಟೀರಿಂಗ್ ಹಿಡಿಯುವ ಮೊದಲು ಊಟದ ತಟ್ಟೆ ಹಿಡಿದು ತಿರುಗಿಸಿ ನೋಡುತ್ತಾರೆ, ಅವರ ಹೆಂಡತಿ ಬಾಗಿಲಲ್ಲಿ ನಿಂತು ನಗುತ್ತಾರೆ.

ಶಾಲೆ ಮತ್ತೆ ತೆರೆಯುವ ದಿನಕ್ಕೆ ನಾವು ಒಪ್ಪಿಸುವ ದಿನ ಎನ್ನುತ್ತೇವೆ. ಅವತ್ತು ಪ್ರತಿಯೊಬ್ಬ ಟೀಚರೂ ತಾನು ಕಲಿಸುವುದನ್ನು ಊರಿನ ಎದುರು ಮಾಡಿ ತೋರಿಸಬೇಕು. ತೋರಿಸಿದರೆ ಇನ್ನೊಂದು ವರ್ಷಕ್ಕೆ ಅದು ನಮ್ಮದು. ತೋರಿಸಲಾಗದಿದ್ದರೆ ಮುಗಿಯಿತು, ಎಂದೆಂದಿಗೂ ಬರುವುದಿಲ್ಲ. ಚಿತ್ರಕಲೆಯ ಪರಮಶಿವಯ್ಯ ಮೇಷ್ಟ್ರು ಒಂದು ಬೇಸಿಗೆಯಲ್ಲಿ ಜ್ವರ ಬಂದು ಮಲಗಿಬಿಟ್ಟರು. ಈಗ ಅವರಿಗೆ ಒಂದು ಸೊನ್ನೆಯನ್ನೂ ದುಂಡಗೆ ಬರೆಯಲಾಗುವುದಿಲ್ಲ. ಅವರ ಮನೆ ಮುಂದೆ ಹುಡುಗಿಯರು ರಂಗೋಲಿ ಹಾಕುವಾಗ ಕಿಟಕಿ ಮುಚ್ಚಿಕೊಳ್ಳುತ್ತಾರೆ. ಪಾಪ, ಎಂಥ ಕೈ ಅದು!

ಮರೆವು ಯಾರಿಗೆ ತಗಲುತ್ತದೆ ಎಂಬುದಕ್ಕೂ ಒಂದು ಲೆಕ್ಕವಿದೆ. ಕಲಿತವರು ಮನಸಾರೆ ಟೀಚರ್ ಎಂದೋ ಮೇಷ್ಟ್ರೇ ಎಂದೋ ಒಮ್ಮೆ ಕರೆದರೆ ಸಾಕು, ಆ ವರ್ಷದಿಂದ ಕಲಿಸಿದವರೂ ನಮ್ಮ ಸಾಲಿಗೆ ಸೇರಿದಂತೆ. ಮಗಳಿಗೆ ಒಬ್ಬಟ್ಟು ಹೇಳಿಕೊಡುವ ತಾಯಿ ಅಮ್ಮನಾಗಿಯೇ ಇರುತ್ತಾಳೆ, ಆಕೆಗೆ ಏನೂ ಆಗುವುದಿಲ್ಲ. ನಲ್ಲಿ ರಿಪೇರಿ ಕಲಿಸುವ ಸೋದರಮಾವ ಮಾತ್ರ "ಮಾವ ಅನ್ನು, ಬೇರೆ ಏನೂ ಅನ್ಬೇಡ" ಎಂದು ನೂರು ಸಲ ಎಚ್ಚರಿಸುತ್ತಾನೆ. ಹಾಗಾಗಿ ನಮ್ಮೂರಲ್ಲಿ ಟೀಚರಿಗೆ ಕಲಿಸಲು ಮುಂದೆ ಬರುವವರು ಕಡಿಮೆ. ಟೀಚರುಗಳ ಬಾಯಲ್ಲಿ ಆ ಮಾತು ಬಲು ಸಲೀಸಾಗಿ ಬರುತ್ತದೆ ನೋಡಿ.

ನನಗೆ ಯಾರ ಹಂಗೂ ಇರಲಿಲ್ಲ. ನನ್ನ ಹತ್ತಿರ ನನ್ನದೇ ಪುಸ್ತಕವಿತ್ತು. ನೂರಾ ಹನ್ನೆರಡು ಪುಟ, ನೀಲಿ ರಟ್ಟು. ಈಜು ಚೆನ್ನಾಗಿ ಬರುವಾಗ ಕುಳಿತು ಬರೆದದ್ದು. ಕಾಲು ಹೇಗೆ ಬಡಿಯಬೇಕು, ಕೈ ಹೇಗೆ ಬೀಸಬೇಕು, ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಎಲ್ಲವೂ ಅದರಲ್ಲಿತ್ತು. ಪ್ರತಿ ಬೇಸಿಗೆಯೂ ಮುಳುಗದಂತೆ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು, ಪುಸ್ತಕವನ್ನು ಮೆಟ್ಟಿಲ ಮೇಲಿಟ್ಟು, ಒಂದೊಂದೇ ಪುಟ ಓದಿ ನೀರಿಗಿಳಿಯುತ್ತಿದ್ದೆ. ಇಪ್ಪತ್ತು ದಿನದಲ್ಲಿ ಬುರುಡೆ ಬಿಚ್ಚಿ ಎಸೆಯುತ್ತಿದ್ದೆ. ಬೇರೆ ಟೀಚರುಗಳು ಅವರಿವರ ಮುಂದೆ ಕೈಚಾಚಿ ನಿಲ್ಲುವುದನ್ನು ಕಂಡು ನಾನು ಒಳಗೊಳಗೇ ಬೀಗುತ್ತಿದ್ದೆ. ಸುಳ್ಳೇಕೆ ಹೇಳಲಿ, ಹೊರಗೂ ಬೀಗುತ್ತಿದ್ದೆ.

ಈ ವರ್ಷ ಪುಸ್ತಕ ಕೈಕೊಟ್ಟಿತು. ಹೋದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಿದ್ದೆ. ಎಡಗೈ ಕಿವಿಯ ಎತ್ತರ ದಾಟಿ ಮೇಲೇಳುತ್ತಿರಲಿಲ್ಲ. ಈಜು ಮೈಯಲ್ಲಿದ್ದಷ್ಟು ದಿನ ಹೇಗೋ ಬಲಗೈಯಿಂದಲೇ ತೂಗಿಸಿದ್ದೆ. ಪುಸ್ತಕದ ಮೊದಲ ಪುಟದ ಮೊದಲ ಸಾಲೇ "ಎರಡೂ ಕೈಗಳನ್ನು ತಲೆಯ ಮೇಲೆ ನೇರವಾಗಿ ಚಾಚಿ" ಎಂದಿತ್ತು. ಚಾಚಲು ಹೋದೆ, ನೋವಿಗೆ ಮೈ ಮುದುಡಿತು, ನೀರು ಕುಡಿದೆ. ಮರುದಿನವೂ ಕುಡಿದೆ. ಮೂವತ್ತು ದಿನ ಬರೀ ನೀರು ಕುಡಿದೆ. ಪುಟ ತಿರುವಿದರೆ ಬೇರೆ ದಾರಿಯೇ ಇಲ್ಲ. ಎರಡು ಕೈಯಿದ್ದ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಅಂಥದೇ ಗಟ್ಟಿಮುಟ್ಟಾದ ಹೆಂಗಸಿಗೆ ಬರೆದಿಟ್ಟ ಪುಸ್ತಕ ಅದು. ಮೂವತ್ತೊಂದನೆಯ ಬೆಳಿಗ್ಗೆ ನಾನು ನೀರಿಗಿಳಿಯದೆ ಮೆಟ್ಟಿಲ ಮೇಲೆ ಕುಳಿತು, ಪರಮಶಿವಯ್ಯ ಮೇಷ್ಟ್ರ ಕಿಟಕಿಯನ್ನು ನೆನೆದುಕೊಂಡು ಅತ್ತುಬಿಟ್ಟೆ.

ಕಣ್ಣೊರೆಸಿಕೊಂಡು ತಲೆಯೆತ್ತಿದರೆ ಕೊಳದ ಆಚೆ ಮೂಲೆಯಲ್ಲಿ ಹೆಣ ತೇಲುತ್ತಿದೆ! ಅಯ್ಯಯ್ಯೋ ಯಾರಾದರೂ ಬನ್ನಿ ಎಂದು ಕಿರುಚಿದೆ. ಹೆಣ ತಲೆ ಎತ್ತಿತು.

"ಕೂಗ್ಬೇಡಿ ಟೀಚರ್, ನಾನು ಗೌರಾಜಮ್ಮ."

ಹಿಟ್ಟಿನ ಗಿರಣಿಯ ಗೌರಾಜಮ್ಮ. ಇಪ್ಪತ್ತು ವರ್ಷದ ಹಿಂದೆ ನನ್ನ ಕ್ಲಾಸಿಗೆ ಬಂದು ಒಂಬತ್ತನೆಯ ದಿನಕ್ಕೆ ಬಿಟ್ಟುಹೋದವಳು. ಬಿಟ್ಟುಹೋದವಳು ಎಂದು ನಾನು ನಂಬಿಕೊಂಡಿದ್ದೆ. ಅವಳು ಅಂಗಾತ ಮಲಗಿಯೇ, ಅವಸರವಿಲ್ಲದೆ, ಇಡೀ ಕೊಳ ದಾಟಿ ಈಚೆಗೆ ಬಂದಳು. ಮುಖದ ಮೇಲೆ ಒಂದು ಹನಿ ನೀರು ಸಿಡಿದಿರಲಿಲ್ಲ. ನಾನು ಮೆಟ್ಟಿಲ ಅಂಚಿಗೆ ಸರಿದು ನೋಡಿದೆ. ಅವಳ ಕೈಗಳು ಒಮ್ಮೆಯೂ ತಲೆಯ ಮೇಲೆ ಹೋಗಲಿಲ್ಲ!

ಅವತ್ತು ಮಧ್ಯಾಹ್ನವೇ ಗಿರಣಿಗೆ ಓಡಿದೆ. ರಾಗಿ ಬೀಸುತ್ತಿದ್ದಳು. ರೆಪ್ಪೆಯ ಮೇಲೂ ಹಿಟ್ಟು. ಮೋಟರು ಆರಿಸಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಗೌರಾ, ನಂಗೆ ಈಜು ಹೇಳ್ಕೊಡ್ತೀಯಾ?" ಎಂದೆ.

"ನಾನಾ? ನನ್ನ ಮನೆಗ್ ಕಳ್ಸಿದ್ದು ನೀವೇ ಅಲ್ವಾ?"

"ಹೌದಾ? ನಾನೇನಂದಿದ್ದೆ?"

"ಹೆದ್ರಿಕೆ ಆಗುತ್ತೆ ಟೀಚರ್ ಅಂದೆ. ನಿನ್ನ ಮೈಗೆ ನೀರು ಆಗ್ಬರಲ್ಲ, ಹೋಗಿ ಹಿಟ್ಟು ಬೀಸು ಅಂದ್ರಿ. ಬೀಸ್ತಾ ಇದೀನಿ."

ಅವಳು ಸಿಟ್ಟಿನಿಂದ ಹೇಳಲಿಲ್ಲ ಎಂಬುದೇ ಇನ್ನಷ್ಟು ಚುಚ್ಚಿತು. ಮತ್ತೆ ಹೇಗೆ ಕಲಿತೆ ಎಂದು ಕೇಳಿದೆ.

"ನಮ್ಮತ್ತೆ ಎಮ್ಮೆ ನೋಡಿ ಕಲ್ತೆ. ಅದು ಮೂಗೊಂದನ್ನ ಮೇಲಿಟ್ಕೊಂಡು ಮಿಕ್ಕಿದ್ದೆಲ್ಲ ನೀರಿಗೆ ಬಿಟ್ಬಿಡುತ್ತೆ. ನಾನೂ ಬಿಟ್ಟೆ."

ಆಮೇಲೆ ಬಹಳ ಹೊತ್ತು ಯೋಚಿಸಿದಳು. ಹೊರಗೆ ಡಬ್ಬಿ ಹಿಡಿದು ನಿಂತಿದ್ದ ಗಿರಾಕಿಗಳು ಕೆಮ್ಮಿದರೂ ಲೆಕ್ಕಿಸಲಿಲ್ಲ. ಕೊನೆಗೆ ಹೇಳಿದಳು.

"ಬೆಳಿಗ್ಗೆ ಐದೂವರೆಗೆ ಬನ್ನಿ. ಆದ್ರೆ ಒಂದು ಮಾತು. ನನ್ನ ಹೆಸರು ಹಿಡ್ದೇ ಕರೀಬೇಕು. ಇನ್ನೊಂದು ಹೆಸರು ನಿಮ್ಮ ಬಾಯಲ್ಲಿ ಬರಕೂಡ್ದು."

"ನಿನ್ನನ್ನ ಗೌರಾ ಅಂತಲೇ ಕರೆದಿರೋದು ಕಣೆ, ಇಪ್ಪತ್ತು ವರ್ಷದಿಂದ" ಎಂದೆ. ಇದೂ ಒಂದು ಕಷ್ಟವೇ ಎಂದುಕೊಂಡೆ.

ಮೊದಲ ದಿನ ಅವಳು ನನ್ನನ್ನು ನೀರಿಗೇ ಇಳಿಸಲಿಲ್ಲ. ಎರಡನೆಯ ಮೆಟ್ಟಿಲ ಮೇಲೆ ಕೂರಿಸಿ, ಕಾಲು ಇಳಿಬಿಡಿಸಿ, ಪಕ್ಕದಲ್ಲಿ ಕುಳಿತಳು.

"ಹೆದ್ರಿಕೆ ಎಲ್ಲಿದೆ ಹೇಳಿ."

"ಎಲ್ಲಿದೆ ಅಂದ್ರೆ?"

"ಕಾಲಲ್ಲಾ, ಹೊಟ್ಟೇಲಾ, ಕುತ್ತಿಗೇಲಾ? ಎಲ್ಲೋ ಒಂದು ಕಡೆ ಹಿಡ್ಕೊಂಡಿರುತ್ತೆ."

ಇಂಥ ಪ್ರಶ್ನೆಯನ್ನು ಯಾರೂ ನನ್ನನ್ನು ಕೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಕಣ್ಣು ಮುಚ್ಚಿ ಹುಡುಕಿದೆ. ಸಿಕ್ಕಿತು! ಕುತ್ತಿಗೆಯ ಹಿಂದೆ, ಕೂದಲು ಶುರುವಾಗುವ ಕಡೆ, ಗಂಟು ಹಾಕಿಕೊಂಡು ಕೂತಿತ್ತು. ಕುತ್ತಿಗೆಯಲ್ಲಿ ಎಂದೆ.

"ಹಂಗಾದ್ರೆ ನಾಳೆ ಕುತ್ತಿಗೆ ನನ್ನ ಕೈಗೆ ಕೊಡಿ. ಮಿಕ್ಕಿದ್ದು ನಿಮ್ಮ ಹತ್ರ ಇರ್ಲಿ."

ಮನೆಗೆ ಬಂದವಳೇ ನೀಲಿ ಪುಸ್ತಕ ತೆಗೆದು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬೆರಳಿಟ್ಟು ಹುಡುಕಿದೆ. ನೂರಾ ಹನ್ನೆರಡು ಪುಟದಲ್ಲಿ ಹೆದರಿಕೆ ಎಂಬ ಮಾತು ಒಂದು ಸಲವೂ ಇರಲಿಲ್ಲ. ಪ್ರತಿ ವರ್ಷ ಹೆದರಿದ್ದೇನೆ, ಪ್ರತಿ ವರ್ಷ ಬರೆದದ್ದನ್ನು ತಿದ್ದಿದ್ದೇನೆ. ಆದರೆ ತಿದ್ದಲು ಕೂರುತ್ತಿದ್ದದ್ದು ಈಜು ಬಂದ ಮೇಲೆ. ಈಜು ಬಂದೊಡನೆ ಹೆದರಿದ್ದನ್ನೇ ಮರೆತುಬಿಡುತ್ತಿದ್ದೆ. ಒಂದು ಮರೆವಿಗೆ ಹೆದರಿ ಪುಸ್ತಕ ಬರೆದವಳು ಇನ್ನೊಂದು ಮರೆವು ಇದೆ ಎಂದು ಕಂಡುಕೊಳ್ಳಲು ಮೂವತ್ತು ವರ್ಷ ಬೇಕಾಯಿತು. ಎಷ್ಟು ಜನರನ್ನು ಹೋಗಿ ಹಿಟ್ಟು ಬೀಸು ಎಂದು ಕಳಿಸಿದ್ದೆನೋ! ನಾಚಿಕೆಯಿಂದ ಮುಖ ಬಿಸಿಯಾಯಿತು. ಆದರೆ ಅದರ ಬೆನ್ನಿಗೇ ಒಂದು ಖುಷಿಯೂ ಹೊರಟಿತು, ಅದಕ್ಕೇನು ಮಾಡಲಿ? ಐವತ್ತಾರನೆಯ ವಯಸ್ಸಿನಲ್ಲಿ ನನಗೆ ಗೊತ್ತಿಲ್ಲದ ಒಂದು ಹೊಸ ವಿಷಯ ಸಿಕ್ಕಿತ್ತು. ಐದೂವರೆ ಯಾವಾಗ ಆಗುತ್ತದೋ ಎಂದು ಚಿಕ್ಕ ಹುಡುಗಿಯ ಹಾಗೆ ಕಾದೆ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ! ಗೌರಾ ಒಂದು ಕೈಯನ್ನು ನನ್ನ ಕುತ್ತಿಗೆಯ ಕೆಳಗಿಟ್ಟು ಅಂಗಾತ ಮಲಗಿಸುತ್ತಿದ್ದಳು. ನಾನು ಒದ್ದಾಡುತ್ತಿದ್ದೆ, ಬೈಯುತ್ತಿದ್ದೆ, ನೀರು ಕುಡಿದು ಕೆಮ್ಮುತ್ತಿದ್ದೆ. "ಎಮ್ಮೆ ಆಗಿ, ಎಮ್ಮೆ ಆಗಿ" ಎನ್ನುತ್ತಿದ್ದಳು. ಇಂಥ ಬಿರುದು ನನಗೆ ಯಾರೂ ಕೊಟ್ಟಿರಲಿಲ್ಲ ಎಂದು ರೇಗಿದರೆ ಇಬ್ಬರಿಗೂ ನಗು ಬಂದು, ನಗುವಿಗೆ ಮೈ ಸಡಿಲವಾಗಿ, ಎರಡು ಕ್ಷಣ ತೇಲಿಬಿಡುತ್ತಿದ್ದೆ. ಮನೆಗೆ ಬರುತ್ತಾ ಅವತ್ತು ಕಲಿತದ್ದನ್ನು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಿದ್ದೆ. ಅಂಗನವಾಡಿಯಿಂದ ಬರುತ್ತಿದ್ದ ಪಂಡಿತರು ಎದುರಾದರೆ ಅವರು ತಮ್ಮ ಒತ್ತಕ್ಷರ ತೋರಿಸುತ್ತಿದ್ದರು, ನಾನು ನನ್ನ ಉಸಿರು ಬಿಡುವ ರೀತಿ ತೋರಿಸುತ್ತಿದ್ದೆ.

ನಲವತ್ತನಾಲ್ಕನೆಯ ಬೆಳಿಗ್ಗೆ. ಎಂದಿನಂತೆ ಮಲಗಿದ್ದೆ. ಕಿವಿ ಎರಡೂ ನೀರಿನೊಳಗಿದ್ದವು. ಮೇಲೆ ಆಕಾಶ ಆಗಷ್ಟೇ ಕೆಂಪಾಗುತ್ತಿತ್ತು, ಎರಡು ಹದ್ದು ಸುತ್ತುತ್ತಿದ್ದವು. ಯಾಕೋ ಕುತ್ತಿಗೆ ತಣ್ಣಗಾಯಿತು ಅನ್ನಿಸಿ ಕಣ್ಣು ಹೊರಳಿಸಿದರೆ ಗೌರಾ ನಾಲ್ಕು ಮಾರು ದೂರ ನಿಂತಿದ್ದಾಳೆ, ಎರಡೂ ಕೈ ಕಟ್ಟಿಕೊಂಡು! ನನ್ನ ಕೆಳಗೆ ಕೊಳದ ನೀರು ಬಿಟ್ಟರೆ ಬೇರೆ ಏನೂ ಇಲ್ಲ!

"ತೇಲ್ತಿದೀನಿ!" ಎಂದು ಕೂಗಿದೆ. "ನೋಡಿ, ತೇಲ್ತಿದೀನಿ! ತೇಲ್ತಿದೀನಿ ಟೀಚರ್!"

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು. ಗೌರಾಳ ಮುಖದಲ್ಲಿದ್ದ ನಗು ಹಾಗೇ ನಿಂತುಹೋಯಿತು. ನಾನು ತಮಾಷೆಗೆ ಕರೆದಿರಲಿಲ್ಲ, ಬಾಯಿತಪ್ಪಿ ಎಂದು ಜಾರಿಕೊಳ್ಳುವಂತೆಯೂ ಇರಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಮನಸಾರೆ ಯಾರನ್ನೂ ಹಾಗೆ ಕರೆದದ್ದಿಲ್ಲ. ಅವಳಿಗೂ ಅದು ಗೊತ್ತಾಗಿತ್ತು.

"ಕಾಲು ಆಡಿಸಿ, ನಿಲ್ಲಿಸ್ಬೇಡಿ" ಎಂದಳು. ಅವತ್ತಿನ ಪಾಠ ಪೂರ್ತಿ ಮುಗಿಸಿದಳು. ಆಮೇಲೆ ಸೆರಗು ಹಿಂಡಿಕೊಂಡು, ತಿರುಗಿ ನೋಡದೆ ಮೆಟ್ಟಿಲು ಹತ್ತಿ ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಗಿರಣಿಗೆ ಹೋದೆ. ಈ ಸಲ ಅವಳು ಮೋಟರು ಆರಿಸಲಿಲ್ಲ. ಆ ಗದ್ದಲದಲ್ಲಿ ಕ್ಷಮೆ ಕೇಳುವುದು ಎಷ್ಟು ಕಷ್ಟ ಎಂದು ಕೇಳಿದವರಿಗೇ ಗೊತ್ತು. ಗಂಟಲು ಹರಿಯುವಂತೆ ಕೂಗಿದೆ. "ತಪ್ಪಾಯ್ತು ಗೌರಾ! ತಪ್ಪಾಯ್ತು ಕಣೆ!" ಗಿರಾಕಿಗಳೆಲ್ಲ ತಿರುಗಿ ನೋಡಿದರು. ಅವಳು ಡಬ್ಬಿಗೆ ಹಿಟ್ಟು ತುಂಬುತ್ತಲೇ ಇದ್ದಳು. ಕೊನೆಯ ಗಿರಾಕಿ ಹೋದ ಮೇಲೆ ಮೋಟರು ಆರಿಸಿದಳು.

"ದಿನಾ ಹನ್ನೆರಡು ಗಂಟೆ ಈ ಸದ್ದಲ್ಲಿರ್ತೀನಿ ಟೀಚರ್. ಮಲಗಿದ್ರೂ ಕಿವೀಲಿ ಇದೇ. ನೀರಲ್ಲಿ ಕಿವಿ ಮುಳುಗಿದಾಗ ಮಾತ್ರ ನಿಲ್ಲುತ್ತೆ. ಅದೊಂದೇ ನಂದು ಅಂತ ಇದ್ದದ್ದು. ಮುಂದಿನ ಬೇಸಿಗೆಗೆ ಅದೂ ಹೋಗುತ್ತೆ. ನಿಮ್ಮ ಹಂಗೆ ತೊಟ್ಟಿ ನೋಡಿದ್ರೂ ಹೆದರ್ತೀನಿ."

ನನಗೆ ಅಳು ಬಂತು. "ನಾನು ಒಪ್ಪಿಸೋದೇ ಬೇಡ ಬಿಡು. ನಿನ್ನ ಈಜು ಕಳೆದು ನಾನು ಯಾವ ಮುಖ ಇಟ್ಕೊಂಡು ಈಜಲಿ? ಬಿಟ್ಬಿಡ್ತೀನಿ" ಎಂದೆ.

ಅಲ್ಲಿಯವರೆಗೆ ಮೆಲ್ಲಗೆ ಮಾತಾಡುತ್ತಿದ್ದವಳು ದಿಗ್ಗನೆದ್ದಳು. "ಏನಂದ್ರಿ? ಬಿಡ್ತೀರಾ? ಹನ್ನೆರಡು ದಿನ ನಿಮ್ಮ ಕುತ್ತಿಗೆ ಹಿಡ್ದು ನನ್ನ ಕೈ ಬಿದ್ದೋಗಿದೆ. ನಂದು ಹೋಗೋದು ಹೋಗೇ ಹೋಗುತ್ತೆ, ನಿಮ್ಮದಾದ್ರೂ ಉಳೀಬೇಕಾ ಬೇಡ್ವಾ? ನಾಳೆ ಐದೂವರೆಗೆ ಬರ್ದಿದ್ರೆ ಮನೆ ಹತ್ರ ಬಂದು ಎಳ್ಕೊಂಡ್ ಹೋಗ್ತೀನಿ!"

ಮರುದಿನ ನಾನು ಐದಕ್ಕೇ ಹೋಗಿ ಕುಳಿತೆ. ಉಳಿದದ್ದು ನಾಲ್ಕೇ ದಿನ. ಬಲಗೈಯನ್ನು ಸೊಂಟದ ಪಕ್ಕದಲ್ಲೇ ಆಡಿಸುತ್ತ ಮುಂದೆ ಸಾಗುವುದನ್ನು ಅವಳು ಕಲಿಸಿದಳು. ಎಡಗೈ ಸುಮ್ಮನೆ ಜೊತೆಗಿದ್ದರೆ ಸಾಕು ಎಂದಳು. ನನ್ನ ಪುಸ್ತಕ ಕಂಡರಿಯದ ಈಜು ಅದು.

ಒಪ್ಪಿಸುವ ದಿನ ಊರಿಗೆ ಊರೇ ಕೊಳದ ಸುತ್ತ ಸೇರಿತ್ತು. ಪಂಡಿತರು ಆಗಲೇ ಶಾಲೆಯ ಬೋರ್ಡು ಗಟ್ಟಿಯಾಗಿ ಓದಿ ಗೆದ್ದು ಬಂದಿದ್ದರು. ಸಾಹೇಬರು ಕಾರನ್ನು ತಾವೇ ಓಡಿಸಿಕೊಂಡು ಬಂದು ಬೇಕೆಂದೇ ಎರಡು ಸಲ ಹಾರ್ನ್ ಹೊಡೆದರು. ನನ್ನ ಸರದಿ ಬಂತು. ಈ ಕಡೆಯ ಮೆಟ್ಟಿಲಿನಿಂದ ಆ ಕಡೆಯ ಮೆಟ್ಟಿಲಿಗೆ, ನಿಲ್ಲದೆ ಹೋಗಬೇಕು. ನಾನು ಧುಮುಕಲಿಲ್ಲ, ಮೆಲ್ಲಗೆ ಇಳಿದು ಅಂಗಾತ ಮಲಗಿದೆ. ಗುಂಪಿನಲ್ಲಿ ಕಿಸಕ್ ಎಂದು ನಗು ಎದ್ದಿತು. "ಟೀಚರ್, ದಿಂಬು ಬೇಕಾ?" ಎಂದು ಯಾರೋ ಕೂಗಿದರು. ಆಮೇಲೆ ಕಿವಿ ಮುಳುಗಿತು, ಏನೂ ಕೇಳಲಿಲ್ಲ. ಗೌರಾ ಹೇಳಿದ್ದ ನಿಶ್ಶಬ್ದ ಅದೇ ಎಂದು ಆಗ ತಿಳಿಯಿತು. ಎಂಥ ದೊಡ್ಡದನ್ನು ಅವಳಿಂದ ಕಿತ್ತುಕೊಂಡೆ ಎಂದೂ ತಿಳಿಯಿತು.

ನಡುಕೊಳಕ್ಕೆ ಬಂದಾಗ ಕುತ್ತಿಗೆಯ ಹಿಂದೆ ಅದು ಮತ್ತೆ ಗಂಟು ಹಾಕಿಕೊಂಡಿತು. ಕಾಲು ಮುಳುಗತೊಡಗಿತು, ಮೂಗಿಗೆ ನೀರು ತಾಗಿತು. ಹಿಂದಿನ ಚಂಪಕಾ ಆಗಿದ್ದರೆ ಇನ್ನೂ ಜೋರಾಗಿ ಕೈ ಬೀಸಿ ಮುಳುಗಿಹೋಗುತ್ತಿದ್ದಳು. ನಾನು ಉಸಿರು ಬಿಟ್ಟು ಕುತ್ತಿಗೆಯನ್ನು ನೀರಿಗೆ ಕೊಟ್ಟೆ. ಅದನ್ನು ಹಿಡಿಯಲು ಅಲ್ಲಿ ಯಾವ ಕೈಯೂ ಇರಲಿಲ್ಲ, ಆದರೂ ಕೊಟ್ಟೆ. ಕಾಲು ತಾನಾಗಿ ಮೇಲೆ ಬಂತು. ಬಲಗೈ ಆಡಿಸಿದೆ, ಸಾಗಿದೆ, ಇನ್ನೂ ಸಾಗಿದೆ, ಕೊನೆಗೆ ತಲೆಗೆ ಠಕ್ ಎಂದು ಕಲ್ಲಿನ ಮೆಟ್ಟಿಲು ಬಡಿಯಿತು. ಅಷ್ಟು ಸಿಹಿಯಾದ ಪೆಟ್ಟನ್ನು ನಾನು ತಿಂದಿಲ್ಲ! ಎದ್ದು ನಿಂತರೆ ಊರೆಲ್ಲ ಚಪ್ಪಾಳೆ, ಸಿಳ್ಳೆ.

ನಾನು ಯಾರನ್ನೂ ನೋಡದೆ ಗೌರಾಳನ್ನು ಹುಡುಕಿದೆ. ಗುಂಪಿನ ಹಿಂದೆ ನಿಂತಿದ್ದಳು, ಕಣ್ಣು ತುಂಬಿಕೊಂಡು. ಸಂತೋಷಕ್ಕೋ ಸಂಕಟಕ್ಕೋ ಕೇಳುವ ಧೈರ್ಯ ನನಗಾಗಲಿಲ್ಲ. ಅವಳು ಜನರನ್ನು ಸರಿಸಿಕೊಂಡು ಮೆಟ್ಟಿಲಿಳಿದು ಬಂದು, ನನ್ನ ಹೆಗಲಿಗೆ ಒಣ ಟವೆಲ್ ಹೊದಿಸಿ, ಊರಿನ ಕಡೆ ತಿರುಗಿ ನಿಂತಳು.

"ನೋಡ್ರಪ್ಪಾ, ಟೀಚರಿಗೆ ಹೇಳ್ಕೊಟ್ಟಿದ್ದು ನಾನು. ಮುಂದಿನ ಬೇಸಿಗೆಗೆ ನಂಗೂ ಮರ್ತೋಗುತ್ತೆ. ಒಬ್ಬರಿಗೆ ಹೇಳ್ಕೊಟ್ರೂ ಹೋಗುತ್ತೆ, ನೂರು ಜನಕ್ಕೆ ಹೇಳ್ಕೊಟ್ರೂ ಹೋಗುತ್ತೆ. ಹೋಗೋದಾದ್ರೆ ನೂರು ಜನಕ್ಕೆ ಕೊಟ್ಟೇ ಹೋಗ್ಲಿ. ನೀರು ಕಂಡ್ರೆ ಹೆದ್ರೋರು ಯಾರಿದೀರಿ? ಬನ್ನಿ!"

ಮೊದಲು ಅಂಚೆಯ ಬೋರಲಿಂಗಯ್ಯ ಚಪ್ಪಲಿ ಬಿಟ್ಟು ಮುಂದೆ ಬಂದರು. ಅರವತ್ತರ ಹತ್ತಿರದ ಮನುಷ್ಯ, ನಾನು ಹನ್ನೊಂದು ವರ್ಷದ ಹಿಂದೆ ಬೈದು ಕಳಿಸಿದವರು. ಅವರ ಹಿಂದೆ ಆಸ್ಪತ್ರೆಯ ನರ್ಸ್ ಒಬ್ಬಳು, ಅವಳ ಹಿಂದೆ ಅಕ್ಕತಂಗಿಯರಿಬ್ಬರು. ಒಬ್ಬೊಬ್ಬರ ಮುಖ ನೋಡಿದಂತೆಲ್ಲ ಅವರಿಗೆ ನಾನು ಏನಂದಿದ್ದೆ ಎಂದು ನೆನಪಾಗುತ್ತ ಹೋಯಿತು. ಒಬ್ಬೊಬ್ಬರ ಹತ್ತಿರವೂ ಹೋಗಿ ತಪ್ಪಾಯಿತು ಎಂದೆ. ಬೋರಲಿಂಗಯ್ಯ ಮಾತ್ರ "ಅದೆಲ್ಲ ಇರ್ಲಿ ಟೀಚರ್, ಮೊದ್ಲು ಜಾಗ ಬಿಡಿ" ಎಂದು ನನ್ನನ್ನೇ ಪಕ್ಕಕ್ಕೆ ಸರಿಸಿ ನೀರಿಗೆ ಕಾಲಿಟ್ಟರು.

ಗೌರಾ ಅವರ ಹೆದರಿಕೆ ಎಲ್ಲಿದೆ ಎಂದು ಕೇಳಿದಳು. ಹೊಟ್ಟೆಯಲ್ಲಿ ಎಂದರು. ಅವಳು ಅವರನ್ನು ಅಂಗಾತ ಮಲಗಿಸಲೇ ಇಲ್ಲ. ಮೊಣಕಾಲು ಮಡಿಸಿ ತಬ್ಬಿಕೊಳ್ಳಿ ಎಂದಳು, ಮೂಗು ಹಿಡಿದು ಮುಖ ಕೆಳಗೆ ಮಾಡಿ ಎಂದಳು. ಬೋರಲಿಂಗಯ್ಯ ಒಂದು ಕುಂಬಳಕಾಯಿಯ ಹಾಗೆ ಮುಳುಗಿ, ಬುಳಕ್ ಎಂದು ಬೆನ್ನು ಮೇಲೆ ಮಾಡಿಕೊಂಡು ತೇಲಿದರು! ನಾನು ಟವೆಲ್ ಹೊದ್ದು ಮೆಟ್ಟಿಲ ಮೇಲೆ ಕುಳಿತಿದ್ದವಳು ತಟ್ಟನೆ ಎದ್ದು ನಿಂತೆ.

"ಗೌರಾ ಟೀಚರ್, ಇದನ್ನ ನಂಗೆ ಹೇಳ್ಕೊಡ್ಲೇ ಇಲ್ಲ!" ಎಂದು ಕೂಗಿದೆ.

"ನಿಮ್ಮ ಹೆದ್ರಿಕೆ ಹೊಟ್ಟೇಲಿರ್ಲಿಲ್ವಲ್ಲ" ಎಂದಳು ಅವಳು, ತಿರುಗಿಯೂ ನೋಡದೆ. "ಬೇಕಿದ್ರೆ ಸಾಲಲ್ಲಿ ಬನ್ನಿ."

ನಾನು ಟವೆಲನ್ನು ಮೆಟ್ಟಿಲ ಮೇಲೆ ಬಿಸಾಕಿ, ಅಕ್ಕತಂಗಿಯರ ಹಿಂದೆ ಹೋಗಿ ನಿಂತೆ.